ಐಸ್ ಪ್ಯಾಕಿಗೆ ಅಂಟಿದ ಇನ್ಸುಲಿನ್: ಮಲೆನಾಡಿನ ದಾರಿಯಲ್ಲಿ ಶೀತಲ ಔಷಧಗಳ ಸಾಗಣೆ

ಪ್ರಶ್ನೆ: ತೀರ್ಥಹಳ್ಳಿಯಲ್ಲಿ ನಮ್ಮದೊಂದು ಔಷಧದ ಅಂಗಡಿ ಇದೆ. ಇನ್ಸುಲಿನ್, ಟಿ.ಟಿ. ಇಂಜೆಕ್ಷನ್, ನಾಯಿ ಕಡಿತದ ಲಸಿಕೆ, ಜೊತೆಗೆ ದನ ಮತ್ತು ಕೋಳಿಗಳ ಕೆಲವು ಲಸಿಕೆಗಳನ್ನು ಶಿವಮೊಗ್ಗದ ಸಗಟು ವ್ಯಾಪಾರಿಗಳು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸ್ ಪ್ಯಾಕ್ ಹಾಕಿ ಬಸ್ಸಿಗೆ ಕೊಟ್ಟು ಕಳುಹಿಸುತ್ತಾರೆ. ಕಳೆದ ವಾರ ಬಂದ ಪೆಟ್ಟಿಗೆಯಲ್ಲಿ ನಾಲ್ಕೈದು ಇನ್ಸುಲಿನ್ ಡಬ್ಬಿಗಳು ಐಸ್ ಪ್ಯಾಕಿಗೆ ಅಂಟಿಕೊಂಡಿದ್ದವು. ಬಿಡಿಸಿ ನೋಡಿದರೆ ಔಷಧ ತಿಳಿಯಾಗಿಯೇ ಇದೆ. ಇದನ್ನು ಮಾರಬಹುದೇ? ಮಳೆಗಾಲದಲ್ಲಿ ಹೇಗೂ ಥಂಡಿ ಇರುವಾಗ ಐಸ್ ಹಾಕಲೇಬೇಕೇ? ಈ ರಗಳೆಯೇ ಬೇಡವೆಂದು ಒಂದು ಚಿಕ್ಕ ಶೀತಲ ವಾಹನ ಕೊಳ್ಳುವುದು ಒಳ್ಳೆಯದೇ?

ಉತ್ತರ: ಅವಸರದ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಆ ಡಬ್ಬಿಗಳನ್ನು ಮಾರಬೇಡಿ. ಬೇರೆಯಾಗಿ ಕಟ್ಟಿ, ‘ಮಾರಾಟಕ್ಕಲ್ಲ’ ಎಂದು ಬರೆದು, ಬ್ಯಾಚ್ ಸಂಖ್ಯೆಯನ್ನು ಗುರುತು ಹಾಕಿಕೊಂಡು ಕಳುಹಿಸಿದವರಿಗೆ ಲಿಖಿತವಾಗಿ ತಿಳಿಸಿ ಹಿಂದಿರುಗಿಸಿ. ಡಬ್ಬಿ ಐಸಿಗೆ ಅಂಟಿದ ಮಾತ್ರಕ್ಕೆ ಒಳಗಿನ ಸೀಸೆ ಹೆಪ್ಪುಗಟ್ಟಿತ್ತು ಎಂದು ಖಚಿತವಾಗಿ ಹೇಳಲಾಗದು ಎಂಬುದು ನಿಜ. ಆದರೆ ಹೆಪ್ಪುಗಟ್ಟಿರಲಿಲ್ಲ ಎಂದು ಅಂಗಡಿಯಲ್ಲಿ ಕುಳಿತು ಖಚಿತಪಡಿಸಿಕೊಳ್ಳುವ ದಾರಿಯೂ ಇಲ್ಲ, ಮತ್ತು ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಳಕೆಗೆ ಯೋಗ್ಯವಲ್ಲವೆಂದು ಎಲ್ಲ ತಯಾರಕರೂ ಡಬ್ಬಿಯೊಳಗಿನ ಚೀಟಿಯಲ್ಲೇ ಮುದ್ರಿಸಿರುತ್ತಾರೆ. ತಿಳಿಯಾಗಿ ಕಾಣುತ್ತದೆ ಎಂಬುದು ಇಲ್ಲಿ ಸಮಾಧಾನದ ಮಾತಲ್ಲ. ಹಾಲಿನಂತೆ ಕದಡಿದ ಬಗೆಯ ಇನ್ಸುಲಿನ್ ಹೆಪ್ಪುಗಟ್ಟಿ ಕರಗಿದರೆ ಗರಣೆ ಕಟ್ಟುತ್ತದೆ, ಗಾಜಿನ ಒಳಮೈಗೆ ಬಿಳಿ ಪೊರೆ ಹಿಡಿಯುತ್ತದೆ, ಹಾಗಾಗಿ ಅದು ಕಣ್ಣಿಗೆ ಸಿಕ್ಕಿಬೀಳಬಹುದು. ತಿಳಿ ಇನ್ಸುಲಿನ್ ಮಾತ್ರ ಕೆಟ್ಟಿದ್ದರೂ ಮೊದಲಿನಂತೆಯೇ ಕಾಣಬಹುದು. ಅದನ್ನು ಕೊಂಡ ರೋಗಿಗೆ ಎಂದಿನ ಅಳತೆಯಲ್ಲೇ ಚುಚ್ಚಿಕೊಂಡರೂ ಸಕ್ಕರೆ ಇಳಿಯುವುದಿಲ್ಲ. ಆತ ಊಟವನ್ನು ಸಂಶಯಿಸುತ್ತಾನೆ, ವೈದ್ಯರು ಅಳತೆ ಏರಿಸುತ್ತಾರೆ, ಮುಂದಿನ ತಿಂಗಳು ಒಳ್ಳೆಯ ಸೀಸೆ ಕೈಗೆ ಬಂದಾಗ ಅದೇ ಏರಿಸಿದ ಅಳತೆ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ಅಡಗಿರುವ ಒಂದು ನಂಬಿಕೆಯನ್ನು ಬಿಡಿಸಿ ಹೇಳಬೇಕಾಗಿದೆ. ಶೀತಲ ಸಾಗಣೆ ಎಂದರೆ ವಸ್ತುವನ್ನು ಆದಷ್ಟು ತಣ್ಣಗೆ ಇಡುವುದು, ಐಸ್ ಹೆಚ್ಚಾದಷ್ಟೂ ಒಳ್ಳೆಯದು ಎಂಬುದೇ ಆ ನಂಬಿಕೆ. ಮಲ್ಪೆಯಿಂದ ಘಾಟಿ ಹತ್ತಿ ಬರುವ ಮೀನಿನ ವಿಷಯದಲ್ಲಿ ಅದು ಸರಿ, ಏಕೆಂದರೆ ಹಸಿ ಮೀನು ಕರಗುತ್ತಿರುವ ಐಸಿನ ನಡುವೆ, ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಇದ್ದಷ್ಟೂ ಚೆನ್ನಾಗಿರುತ್ತದೆ. ಐಸ್ ಕ್ರೀಮಿಗೂ ಅದು ಸರಿ. ಔಷಧದ ಡಬ್ಬಿಯ ಮೇಲೆ ಮಾತ್ರ 2ರಿಂದ 8 ಡಿಗ್ರಿ ಸೆಲ್ಸಿಯಸ್ ಎಂದು ಎರಡು ಗಡಿಗಳನ್ನು ಬರೆದಿರುತ್ತಾರೆ. ಎಲ್ಲರ ಕಣ್ಣೂ ಮೇಲಿನ ಗಡಿಯ ಮೇಲೆ ಇರುತ್ತದೆ, ಕೆಳಗಿನ ಗಡಿಯನ್ನು ಕಾಯುವವರು ಕಡಿಮೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಮಲೆನಾಡಿನ ಹವೆಯಲ್ಲಿ, ಒಂದೆರಡು ಗಂಟೆಯ ಬಸ್ ಪ್ರಯಾಣದಲ್ಲಿ, ಈ ಔಷಧಗಳಿಗೆ ಬಿಸಿಲಿಗಿಂತ ಪೆಟ್ಟಿಗೆಯೊಳಗಿನ ಐಸ್ ದೊಡ್ಡ ಶತ್ರು.

ಇದಕ್ಕೆ ಕಾರಣವಿದೆ. ಶಾಖದಿಂದಾಗುವ ಹಾನಿ ನಿಧಾನವಾದದ್ದು, ಸ್ವಲ್ಪ ಸ್ವಲ್ಪವಾಗಿ ಕೂಡುತ್ತ ಹೋಗುವಂಥದ್ದು. ಬಳಸಲು ತೆರೆದ ಇನ್ಸುಲಿನ್ ಸೀಸೆಯನ್ನು ಅಥವಾ ಪೆನ್ನನ್ನು 25ರಿಂದ 30 ಡಿಗ್ರಿಗಿಂತ ಕೆಳಗಿನ ಕೋಣೆಯ ಉಷ್ಣತೆಯಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಇಟ್ಟುಕೊಳ್ಳಬಹುದೆಂದು ತಯಾರಕರೇ ಹೇಳುತ್ತಾರೆ (ನಿಖರವಾದ ಮಿತಿ ಬಗೆಯಿಂದ ಬಗೆಗೆ ಬೇರೆ, ಚೀಟಿ ನೋಡಬೇಕು). ಹಾಗಿರುವಾಗ ದಾರಿಯಲ್ಲಿ ಎರಡು ಗಂಟೆ 20 ಡಿಗ್ರಿಗೆ ಏರಿದ್ದರಿಂದ ಆಗುವ ನಷ್ಟ ಅಲ್ಪ. ಹೆಪ್ಪುಗಟ್ಟುವುದು ಹಾಗಲ್ಲ. ನೀರು ಹರಳಾಗುವಾಗ ಅದರಲ್ಲಿ ಕರಗಿದ್ದ ಇನ್ಸುಲಿನ್ ಅಣುಗಳನ್ನು ಪಕ್ಕಕ್ಕೆ ಒತ್ತರಿಸುತ್ತದೆ, ಅವು ಒಂದಕ್ಕೊಂದು ಅಂಟಿ ಗಂಟಾಗುತ್ತವೆ, ಐಸ್ ಕರಗಿದರೂ ಗಂಟು ಬಿಡುವುದಿಲ್ಲ. ಟಿ.ಟಿ., ಹೆಪಟೈಟಿಸ್ ಬಿ, ಮಕ್ಕಳ ಪೆಂಟಾವೇಲೆಂಟ್ (ಐದು ರೋಗಗಳಿಗೆ ಒಂದೇ ಚುಚ್ಚುಮದ್ದು) ಮುಂತಾದ ಲಸಿಕೆಗಳಲ್ಲಿ ಔಷಧದ ಅಂಶವು ಅಲ್ಯೂಮಿನಿಯಂ ಲವಣದ ಸೂಕ್ಷ್ಮ ಕಣಗಳಿಗೆ ಅಂಟಿಕೊಂಡಿರುತ್ತದೆ, ಹೆಪ್ಪುಗಟ್ಟಿದರೆ ಆ ರಚನೆಯೇ ಮುರಿದು ಲಸಿಕೆಯ ಶಕ್ತಿ ಕುಂದುತ್ತದೆ. ಹೆಪಟೈಟಿಸ್ ಬಿ ಲಸಿಕೆ ಸೊನ್ನೆಗಿಂತ ಕೇವಲ ಅರ್ಧ ಡಿಗ್ರಿ ಕೆಳಗೇ ಹೆಪ್ಪುಗಟ್ಟುತ್ತದೆ. ದನಗಳ ಕಾಲುಬಾಯಿ ಲಸಿಕೆಯನ್ನೂ ಹೆಪ್ಪುಗಟ್ಟಿಸಬಾರದು. ಲಸಿಕೆ ಹಾಕಿಸಿದರೂ ಕೊಟ್ಟಿಗೆಗೆ ರೋಗ ಬಂತು ಎಂಬ ದೂರು ಬಂದಾಗ ಹಾಕಿದವರನ್ನು ಬೈಯುವ ಮೊದಲು ಆ ಸೀಸೆ ಯಾವ ಪೆಟ್ಟಿಗೆಯಲ್ಲಿ, ಯಾವುದಕ್ಕೆ ತಾಗಿಕೊಂಡು ಬಂದಿತ್ತು ಎಂದು ಕೇಳುವುದು ಒಳ್ಳೆಯದು.

ಎಲ್ಲ ಲಸಿಕೆಗಳ ಸ್ವಭಾವ ಒಂದೇ ಅಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಬಾಯಿಗೆ ಹಾಕುವ ಪೋಲಿಯೊ ಹನಿ ಶಾಖಕ್ಕೆ ಬಹಳ ಬೇಗ ಕೆಡುತ್ತದೆ, ಹೆಪ್ಪುಗಟ್ಟಿದರೆ ಕೆಡುವುದಿಲ್ಲ, ಅದನ್ನು ದೊಡ್ಡ ಉಗ್ರಾಣಗಳಲ್ಲಿ ಮೈನಸ್ 20ರ ಹತ್ತಿರವೇ ಇಡುತ್ತಾರೆ. ಕೋಳಿಗಳ ಕೊಕ್ಕರೆ ರೋಗದ ಲಸಿಕೆಯಂಥ ಒಣಪುಡಿಯ ಜೀವಂತ ಲಸಿಕೆಗಳೂ ಐಸಿನ ಸಹವಾಸವನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತವೆ, ಆದರೆ ಪುಡಿಗೆ ಬೆರೆಸುವ ದ್ರಾವಣದ ಗಾಜಿನ ಆಂಪೂಲ್ ಹೆಪ್ಪುಗಟ್ಟಿದರೆ ಒಡೆಯುತ್ತದೆ. ನೀವು ತರಿಸುವ ಸಾಮಾನಿನಲ್ಲಿ ಇವೆಲ್ಲ ಬೆರೆತು ಬರುವುದರಿಂದ, ಒಂದೇ ಪೆಟ್ಟಿಗೆಯಲ್ಲಿ ಇದ್ದಾಗ ಎಲ್ಲವನ್ನೂ ಹೆಪ್ಪುಗಟ್ಟಬಾರದ ಔಷಧಗಳೆಂದೇ ಎಣಿಸಿ ಕಟ್ಟುವುದು ಸುರಕ್ಷಿತ.

ಈಗ ಪೆಟ್ಟಿಗೆಯ ಒಳಗೆ ನಡೆಯುವುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಲೆಕ್ಕ ಸುಲಭವಾದದ್ದು, ಒಮ್ಮೆ ಮನಸ್ಸಿಗೆ ಹತ್ತಿದರೆ ಯಾವ ಪೆಟ್ಟಿಗೆಯನ್ನಾದರೂ ನೀವೇ ಅಂದಾಜು ಮಾಡಬಹುದು. ಒಂದು ಕೆ.ಜಿ. ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕಿಲೋಕ್ಯಾಲರಿ ಶಾಖ ಬೇಕು. ಐಸಿಗಾದರೆ ಅದರ ಅರ್ಧದಷ್ಟು ಸಾಕು. ಆದರೆ ಸೊನ್ನೆ ಡಿಗ್ರಿಯಲ್ಲಿರುವ ಒಂದು ಕೆ.ಜಿ. ಐಸ್ ಸೊನ್ನೆ ಡಿಗ್ರಿಯ ನೀರಾಗಲು ಸುಮಾರು 80 ಕಿಲೋಕ್ಯಾಲರಿ ಬೇಕು. ಪೆಟ್ಟಿಗೆಯನ್ನು ಕಾಯುವುದು ಈ 80. ಕರಗುವ ಹೊತ್ತಿನುದ್ದಕ್ಕೂ ಐಸ್ ಸೊನ್ನೆಯಲ್ಲೇ ನಿಂತು ಹೊರಗಿನಿಂದ ನುಗ್ಗುವ ಶಾಖವನ್ನು ನುಂಗುತ್ತಿರುತ್ತದೆ.

ಅದೇ ಐಸ್ ಫ್ರೀಜರಿನಿಂದ ಆಗತಾನೇ ತೆಗೆದದ್ದಾಗಿದ್ದರೆ ಅದು ಸೊನ್ನೆಯಲ್ಲಿ ಇರುವುದಿಲ್ಲ, ಮೈನಸ್ 20ರ ಸುಮಾರಿನಲ್ಲಿ ಇರುತ್ತದೆ. ನಾನ್ನೂರು ಗ್ರಾಂ ತೂಕದ ಒಂದು ಪ್ಯಾಕ್ ಮೈನಸ್ 20ರಿಂದ ಸೊನ್ನೆಗೆ ಏರುವಷ್ಟರಲ್ಲಿ ಸುತ್ತಲಿನಿಂದ ನಾಲ್ಕು ಕಿಲೋಕ್ಯಾಲರಿ ಶಾಖವನ್ನು ಎಳೆದುಕೊಳ್ಳುತ್ತದೆ. ಹತ್ತು ಮಿಲಿಲೀಟರಿನ ಒಂದು ಇನ್ಸುಲಿನ್ ಸೀಸೆಯ ದ್ರವವನ್ನು 5 ಡಿಗ್ರಿಯಿಂದ ಸೊನ್ನೆಗೆ ಇಳಿಸಲು ತೆಗೆಯಬೇಕಾದ ಶಾಖ 0.05 ಕಿಲೋಕ್ಯಾಲರಿ ಮಾತ್ರ. ಅಂದರೆ ಆ ಒಂದು ಪ್ಯಾಕ್ ತಾನು ಕರಗಲು ಶುರುವಾಗುವುದಕ್ಕೆ ಮೊದಲೇ 80 ಸೀಸೆಗಳನ್ನು ಸೊನ್ನೆಗೆ ತರಬಲ್ಲದು. ವಾಸ್ತವದಲ್ಲಿ ಅದು ಎಂಬತ್ತಕ್ಕೂ ಸಮನಾಗಿ ಹಂಚುವುದಿಲ್ಲ. ತನಗೆ ತಾಗಿದ ನಾಲ್ಕೈದರಿಂದಲೇ ಎಳೆಯುತ್ತದೆ, ಅವು ಹೆಪ್ಪುಗಟ್ಟುತ್ತವೆ, ಅದೇ ಪೆಟ್ಟಿಗೆಯ ನಡುವೆ ಇಟ್ಟ ತಾಪಮಾಪಕ 6 ಡಿಗ್ರಿ ತೋರಿಸುತ್ತಿರುತ್ತದೆ. ನಿಮ್ಮಲ್ಲಿ ಆದದ್ದು ಬಹುಶಃ ಇದೇ.

ಇದಕ್ಕೆ ಪರಿಹಾರ ಹಳೆಯದು, ಸರ್ಕಾರದ ಲಸಿಕಾ ಕಾರ್ಯಕ್ರಮದಲ್ಲಿ ಆರೋಗ್ಯ ಕಾರ್ಯಕರ್ತೆಯರು ದಿನವೂ ಮಾಡುವಂಥದ್ದು. ಐಸ್ ಪ್ಯಾಕನ್ನು ಫ್ರೀಜರಿನಿಂದ ತೆಗೆದು ಮೇಜಿನ ಮೇಲೆ ಒಂದರ ಪಕ್ಕ ಒಂದು ಸಾಲಾಗಿ, ಗಾಳಿಯಾಡುವಂತೆ ಹರಡಿ ಇಡಬೇಕು. ಮೇಲಿನ ಬಿಳಿ ಹಿಮ ಕರಗಿ ನೀರಿನ ಹನಿಗಳು ಮೂಡಬೇಕು. ಪ್ಯಾಕನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ನೀರು ಕುಲುಕುವ ಸದ್ದು ಕೇಳಬೇಕು. ಆ ಸದ್ದು ಬಂತೆಂದರೆ ಪ್ಯಾಕ್ ಹದವಾಗಿದೆ, ಅಂದರೆ ಸೊನ್ನೆಗೆ ಬಂದು ಕರಗಲು ತೊಡಗಿದೆ ಎಂದರ್ಥ, ಅದರ 80ರ ಪಾಲು ಹೆಚ್ಚುಕಡಿಮೆ ಪೂರ್ತಿ ಉಳಿದಿದೆ, ಸೀಸೆಗಳನ್ನು ಕೊಲ್ಲುವ ಮೈನಸ್ 20 ಮಾತ್ರ ಹೋಗಿದೆ. ಇದಕ್ಕೆ ಎಷ್ಟು ಹೊತ್ತು ಬೇಕು ಎಂದು ಗಡಿಯಾರ ನೋಡಿ ಹೇಳಲು ಬರುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಶಿವಮೊಗ್ಗದ ಗೋದಾಮಿನಲ್ಲಿ ಅರ್ಧ ಗಂಟೆ ಸಾಕಾಗಬಹುದು, ಜುಲೈ ಬೆಳಗಿನ ಜಾವದಲ್ಲಿ ಒಂದು ಗಂಟೆ ದಾಟಿದರೂ ಸದ್ದು ಬರದಿರಬಹುದು. ಮೊದಲ ಬಸ್ಸಿಗೆ ಹಾಕುವ ಅವಸರದಲ್ಲಿ ಈ ಒಂದು ಗಂಟೆಯನ್ನು ನುಂಗಿಬಿಡುತ್ತಾರೆ. ಆದ್ದರಿಂದ ನೀವು ಸಗಟು ವ್ಯಾಪಾರಿಯನ್ನು ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ಐಸ್ ಹಾಕುತ್ತೀರಿ ಎಂಬುದಲ್ಲ, ಫ್ರೀಜರಿನಿಂದ ತೆಗೆದು ಎಷ್ಟು ಹೊತ್ತಿಗೆ ಹಾಕುತ್ತೀರಿ ಎಂಬುದು.

ಜೆಲ್ ಪ್ಯಾಕಿನ ವಿಷಯದಲ್ಲಿ ಒಂದು ತೊಡಕಿದೆ. ಜೆಲ್ ಕುಲುಕುವುದಿಲ್ಲ, ಆದ್ದರಿಂದ ಕಿವಿಯ ಪರೀಕ್ಷೆ ನಡೆಯುವುದಿಲ್ಲ, ಬೆರಳಿನಿಂದ ಒತ್ತಿ ಅಂಚುಗಳು ಮೆದುವಾಗಿವೆಯೇ ಎಂದು ನೋಡಬೇಕಾಗುತ್ತದೆ. ಈ ಕಾರಣಕ್ಕೆ ಬರೀ ನೀರು ತುಂಬುವ ಗಟ್ಟಿ ಪ್ಲಾಸ್ಟಿಕ್ಕಿನ ಪ್ಯಾಕೇ ವಾಸಿ ಎಂದು ನನ್ನ ಅನಿಸಿಕೆ. ಅದಕ್ಕೆ ಉಪ್ಪು ಬೆರೆಸಬಾರದು, ಉಪ್ಪುನೀರು ಸೊನ್ನೆಗಿಂತ ಬಹಳ ಕೆಳಗೆ ಕರಗುತ್ತದೆ. ಐಸ್ ಕ್ರೀಮ್ ಮತ್ತು ಹೆಪ್ಪುಗಟ್ಟಿಸಿದ ಮಾಂಸದ ಸಾಗಣೆಗೆಂದೇ ಮೈನಸ್ 21ರಲ್ಲಿ ಕರಗುವ ಪ್ಯಾಕುಗಳನ್ನು ಮಾಡುತ್ತಾರೆ, ನೋಡಲು ಎಲ್ಲ ಒಂದೇ ತರಹ ಇರುತ್ತವೆ, ಅಂಥದೊಂದು ಔಷಧದ ಪೆಟ್ಟಿಗೆಗೆ ಬಿದ್ದರೆ ಎಷ್ಟು ಹೊತ್ತು ಹೊರಗಿಟ್ಟು ಹದ ಮಾಡಿದರೂ ಪ್ರಯೋಜನವಿಲ್ಲ. ಒಣ ಐಸಿನ ಮಾತಂತೂ ಬೇಡ. ಅದರ ಉಷ್ಣತೆ ಮೈನಸ್ 78 ಡಿಗ್ರಿ, ಜೊತೆಗೆ ಮುಚ್ಚಿದ ವಾಹನದಲ್ಲಿ ಅದರಿಂದೇಳುವ ಇಂಗಾಲದ ಡೈಆಕ್ಸೈಡ್ ಕುಳಿತವರ ಉಸಿರಿಗೇ ಅಪಾಯ. ಇತ್ತೀಚೆಗೆ 5 ಡಿಗ್ರಿಯ ಸುಮಾರಿನಲ್ಲೇ ಕರಗುವ ಮೇಣದ ಜಾತಿಯ ಪ್ಯಾಕುಗಳು ಬಂದಿವೆ. ಬೆಲೆ ಹೆಚ್ಚು, ಆದರೆ ಕರಗಲು ತೊಡಗಿದ ಮೇಲೆ ಹಾಕಿದರೆ ಅವುಗಳಿಂದ ಹೆಪ್ಪುಗಟ್ಟುವ ಭಯವಿಲ್ಲ ಮತ್ತು ಮರುಬಳಕೆ ಮಾಡಬಹುದು. ವಾರಕ್ಕೆರಡು ಸಲ ಅದೇ ದಾರಿಯಲ್ಲಿ, ಅದೇ ಇಬ್ಬರ ನಡುವೆ ಪೆಟ್ಟಿಗೆ ಓಡಾಡುವುದಾದರೆ ಹಾಕಿದ ಹಣ ವಾಪಸ್ಸಾಗುತ್ತದೆ.

ಮಳೆಗಾಲದಲ್ಲಿ ಐಸ್ ಬೇಕೇ ಎಂಬ ಪ್ರಶ್ನೆಗೂ ಇದೇ ಲೆಕ್ಕ ಉತ್ತರ ಕೊಡುತ್ತದೆ. ಹೊರ ಅಳತೆ 40, 30, 30 ಸೆಂ.ಮೀ. ಇರುವ, ಎರಡೂವರೆ ಸೆಂ.ಮೀ. ದಪ್ಪದ ಗೋಡೆಯ ಸಾಮಾನ್ಯ ಥರ್ಮೋಕೋಲ್ ಪೆಟ್ಟಿಗೆಯನ್ನು ತೆಗೆದುಕೊಳ್ಳಿ. ಹೊರಗೆ 30 ಡಿಗ್ರಿ, ಒಳಗೆ 5 ಡಿಗ್ರಿ ಇದ್ದರೆ ಅದರ ಗೋಡೆಗಳ ಮೂಲಕ ಗಂಟೆಗೆ ಸುಮಾರು 20 ಕಿಲೋಕ್ಯಾಲರಿ ಒಳನುಗ್ಗುತ್ತದೆ, ಅಂದರೆ ಒಂದು ಕೆ.ಜಿ. ಐಸ್ ನಾಲ್ಕು ಗಂಟೆ ಬಾಳುತ್ತದೆ. ಗೋಡೆಯ ದಪ್ಪ ಐದು ಸೆಂ.ಮೀ. ಆದರೆ ಅದೇ ಐಸ್ ಎಂಟು ಗಂಟೆ ಬಾಳುತ್ತದೆ. ಬೇಸಿಗೆಯಲ್ಲಿ ಬಸ್ಸಿನ ಡಿಕ್ಕಿ 40 ಡಿಗ್ರಿಗೆ ಕಾದಿದ್ದರೆ ತೆಳು ಪೆಟ್ಟಿಗೆಯಲ್ಲಿ ಮೂರು ಗಂಟೆಯೂ ನಿಲ್ಲದು. ಮಳೆಗಾಲದ 22 ಡಿಗ್ರಿಯಲ್ಲಿ ಆರು ಗಂಟೆಯಷ್ಟು ನಿಲ್ಲುತ್ತದೆ. ಇದೆಲ್ಲ ಮುಚ್ಚಳ ಬಿಗಿಯಾಗಿ ಕೂತ, ಬಿರುಕಿಲ್ಲದ ಪೆಟ್ಟಿಗೆಯ ಲೆಕ್ಕ. ಅಂಚು ಮುರಿದು ಟೇಪ್ ಸುತ್ತಿದ ಹಳೆಯ ಪೆಟ್ಟಿಗೆಗೆ ಇದರ ಅರ್ಧವನ್ನು ಮಾತ್ರ ನಂಬಬೇಕು.

ಅಂದಮೇಲೆ ಮಳೆಗಾಲದಲ್ಲೂ ಐಸ್ ಬೇಕು, ಏಕೆಂದರೆ ನಮಗೆ ಮೈ ನಡುಗಿಸುವ ಆಷಾಢದ ಥಂಡಿಯೂ ಇಪ್ಪತ್ತರ ಮೇಲಿನದೇ, ಎಂಟು ಡಿಗ್ರಿಗೆ ಅದು ಬಹಳ ದೂರ. ಆದರೆ ಬೇಸಿಗೆಯಲ್ಲಿ ಹಾಕುವುದರ ಅರ್ಧ ಸಾಕು. ಏಪ್ರಿಲ್ ಲೆಕ್ಕದಲ್ಲೇ ಜುಲೈಯಲ್ಲೂ ಐಸ್ ತುಂಬಿದರೆ, ಅದೂ ಹದ ಮಾಡದೆ ತುಂಬಿದರೆ, ಹೊರಗಿನಿಂದ ಬರುವ ಶಾಖ ಕಡಿಮೆಯಾಗಿ ಸೀಸೆಗಳು ಹೆಪ್ಪುಗಟ್ಟುವ ಸಂಭವ ಇನ್ನೂ ಹೆಚ್ಚಾಗುತ್ತದೆ. ದಪ್ಪ ಗೋಡೆಯ ಒಳ್ಳೆಯ ಪೆಟ್ಟಿಗೆ ಇದ್ದು ದಾರಿ ಎರಡು ಗಂಟೆಯೊಳಗಿನದಾದರೆ ಐಸನ್ನೇ ಬಿಟ್ಟು, ಫ್ರಿಜ್ಜಿನಲ್ಲಿ 3-4 ಡಿಗ್ರಿಗೆ ತಣ್ಣಗಾದ ನೀರಿನ ಪ್ಯಾಕುಗಳನ್ನು ನಾಲ್ಕು ಕೆ.ಜಿ.ಯಷ್ಟು ಹಾಕಿಯೂ ಮಳೆಗಾಲವನ್ನು ಕಳೆಯಬಹುದು. ತೂಕ ಹೆಚ್ಚು, ಹೆಪ್ಪುಗಟ್ಟುವ ಪ್ರಶ್ನೆಯೇ ಇಲ್ಲ. ಬೇಸಿಗೆಗೆ ಮತ್ತು ತೆಳು ಪೆಟ್ಟಿಗೆಗೆ ಈ ಉಪಾಯ ಒದಗುವುದಿಲ್ಲ.

ಎಷ್ಟು ಹೊತ್ತಿಗೆ ಕಟ್ಟಬೇಕು ಎಂಬುದು ಮಳೆಗಾಲದ ನಿಜವಾದ ಚಿಂತೆ. ಶಿವಮೊಗ್ಗದಿಂದ ತೀರ್ಥಹಳ್ಳಿ 60 ಕಿ.ಮೀ. ಆಸುಪಾಸು, ಬಸ್ಸಿಗೆ ಒಂದೂವರೆಯಿಂದ ಎರಡು ಗಂಟೆ. ಆದರೆ ಗಾಜನೂರು, ಮಂಡಗದ್ದೆಯ ಕಾಡಿನ ನಡುವೆ ಗಾಳಿಮಳೆಗೆ ಒಂದು ಮರ ಅಡ್ಡ ಬಿದ್ದರೆ ಆ ಎರಡು ಗಂಟೆ ಐದಾಗುತ್ತದೆ. ಬಸ್ಸು ಬಂದರೂ ನಿಲ್ದಾಣಕ್ಕೆ ನಿಮ್ಮ ಹುಡುಗ ಹೋಗಿ ಬಿಡಿಸಿಕೊಳ್ಳುವುದರಲ್ಲಿ ಇನ್ನೊಂದು ಗಂಟೆ ಕಳೆಯುತ್ತದೆ. ಗೋದಾಮಿನ ಫ್ರಿಜ್ಜಿನಿಂದ ತೆಗೆದ ಗಳಿಗೆಯಿಂದ ನಿಮ್ಮ ಫ್ರಿಜ್ಜಿಗೆ ಸೇರುವ ಗಳಿಗೆಯವರೆಗಿನ ಹೊತ್ತನ್ನು ಎಣಿಸಿ, ಅದರ ಎರಡರಷ್ಟಕ್ಕೆ ಪೆಟ್ಟಿಗೆ ಕಟ್ಟಿಸಿ. ತೀರ್ಥಹಳ್ಳಿಗೆ ಎಂಟು ಗಂಟೆಯ ಪೆಟ್ಟಿಗೆ ಎಂದು ನಿಗದಿ ಮಾಡಿಕೊಂಡರೆ ತಪ್ಪಾಗದು. ಹೆಚ್ಚುವರಿ ಹೊತ್ತನ್ನು ಗೋಡೆಯ ದಪ್ಪದಿಂದ ಸಂಪಾದಿಸಬೇಕೇ ಹೊರತು ಇನ್ನಷ್ಟು ಐಸ್ ತುರುಕುವುದರಿಂದಲ್ಲ. ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಗೆ ಮೊದಲು ಲಾಂಚಿಗೆ ಕಾಯುವ ಹೊತ್ತನ್ನೂ ಸೇರಿಸಿ ಲೆಕ್ಕ ಹಾಕಬೇಕಿತ್ತು. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಆ ದಾರಿಗೆ ಪೆಟ್ಟಿಗೆ ಕಟ್ಟುವವರು ಹಳೆಯ ಅಂದಾಜಿನಷ್ಟೇ ಐಸ್ ಹಾಕುತ್ತಿದ್ದಾರೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಕಟ್ಟುವ ಕ್ರಮವನ್ನು ನಿಮ್ಮ ಸಗಟು ವ್ಯಾಪಾರಿಗೆ ಓದಿ ಹೇಳಬಹುದಾದಷ್ಟು ಮಾತ್ರ ಬರೆಯುತ್ತೇನೆ. ಪೆಟ್ಟಿಗೆಯನ್ನು ಬಿಸಿಲಿನಲ್ಲಿ ಅಥವಾ ಶೀಟಿನ ಮಾಡಿನ ಕೆಳಗೆ ಇಟ್ಟಿದ್ದರೆ ಮೊದಲು ತಣ್ಣಗಾಗಲು ಬಿಡಬೇಕು. ಹದ ಮಾಡಿದ ಪ್ಯಾಕುಗಳು ನಾಲ್ಕು ಗೋಡೆಗೆ ಒರಗಿರಲಿ. ಪ್ಯಾಕಿಗೂ ಔಷಧಕ್ಕೂ ನಡುವೆ ರಟ್ಟಿನ ಹಾಳೆ ಇರಲೇಬೇಕು, ಪ್ಯಾಕಿನ ಮೇಲೆ ನೇರವಾಗಿ ಯಾವ ಡಬ್ಬಿಯೂ ಕೂರಬಾರದು. ಸೀಸೆಗಳು ತಮ್ಮ ಡಬ್ಬಿಯಲ್ಲೇ ಇದ್ದು, ಇಡೀ ಗುಂಪನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿರಬೇಕು. ಇಲ್ಲದಿದ್ದರೆ ನಮ್ಮ ತೇವದಲ್ಲಿ, ಪ್ಯಾಕ್ ಬೆವರಿದ ನೀರಿನಲ್ಲಿ ಡಬ್ಬಿ ನೆನೆದು ಬ್ಯಾಚ್ ಸಂಖ್ಯೆಯೇ ಅಳಿಸಿಹೋಗುತ್ತದೆ. ಉಳಿದ ಖಾಲಿ ಜಾಗಕ್ಕೆ ಕಾಗದ ತುಂಬಬೇಕು. ಖಾಲಿ ಬಿಟ್ಟರೆ ಘಾಟಿಯ ತಿರುವುಗಳಲ್ಲಿ ರಟ್ಟು ಸರಿದು ಸೀಸೆಗಳು ಹೋಗಿ ಐಸಿಗೇ ಒರಗುತ್ತವೆ. ಮುಚ್ಚಳದ ಸಂದಿಗೆ ಸುತ್ತಲೂ ಟೇಪ್ ಹಚ್ಚಬೇಕು, ಎರಡು ಕಡೆ ಮಾತ್ರ ಅಲ್ಲ. ಮೇಲೆ ದೊಡ್ಡ ಕನ್ನಡ ಅಕ್ಷರಗಳಲ್ಲಿ ‘ಔಷಧ. ಬಿಸಿಲಿಗೆ ಇಡಬೇಡಿ. ಫ್ರೀಜರಿಗೆ ಹಾಕಬೇಡಿ’ ಎಂದು ಬರೆದಿರಲಿ, ಜೊತೆಗೆ ನಿಮ್ಮ ಫೋನ್ ಸಂಖ್ಯೆಯೂ ಇರಲಿ. ಕಂಪನಿಯವರು ಅಂಟಿಸುವ ಇಂಗ್ಲಿಷ್ ಚೀಟಿಯನ್ನು ಬಸ್ಸಿನಲ್ಲಿ ಯಾರೂ ಓದುವುದಿಲ್ಲ.

ಬಸ್ಸಿನಲ್ಲಿ ಪೆಟ್ಟಿಗೆ ಎಲ್ಲಿ ಕೂರುತ್ತದೆ ಎಂಬುದು ಐಸಿನಷ್ಟೇ ಮುಖ್ಯ. ಪಾರ್ಸೆಲ್ ಕಣ್ಣೆದುರಿಗೇ ಇರಲಿ ಎಂಬ ಒಳ್ಳೆಯ ಮನಸ್ಸಿನಿಂದ ಚಾಲಕರು ಅದನ್ನು ತಮ್ಮ ಪಕ್ಕದ ಬಾನೆಟ್ಟಿನ ಮೇಲೆ ಇಟ್ಟುಕೊಳ್ಳುತ್ತಾರೆ. ಎಂಜಿನ್ ಮುಂದೆ ಇರುವ ಬಸ್ಸುಗಳಲ್ಲಿ ಆ ಬಾನೆಟ್ ಕೈ ಇಡಲಾಗದಷ್ಟು ಕಾಯುತ್ತದೆ, ಥರ್ಮೋಕೋಲಿನ ತಳ ಅಲ್ಲಿಯೇ ಮೆತ್ತಗಾದರೂ ಆಶ್ಚರ್ಯವಿಲ್ಲ. ಬಸ್ಸಿನ ಟಾಪ್ ಮೇಲೆ ಬಿಸಿಲು, ಇಲ್ಲವೇ ಮಳೆ. ಡಿಕ್ಕಿ ಪರವಾಗಿಲ್ಲ, ಆದರೆ ಅಡಿಕೆ ಮೂಟೆಯ ಕೆಳಗೆ ಸಿಕ್ಕಿದರೆ ಮುಚ್ಚಳ ಬಿರಿಯುತ್ತದೆ. ಕೊನೆಯ ಸೀಟಿನ ಕೆಳಗೆ ಅಥವಾ ಒಳಗಿನ ನೆರಳಿನ ಮೂಲೆಯಲ್ಲಿ ಇಡುವಂತೆ ನಿರ್ವಾಹಕರಿಗೆ ಕೊಡುವಾಗಲೇ ಹೇಳಬೇಕು, ಹೇಳಿದರೆ ಇಡುತ್ತಾರೆ. ಕೆ.ಎಸ್.ಆರ್.ಟಿ.ಸಿ.ಯ ಪಾರ್ಸೆಲ್ ವ್ಯವಸ್ಥೆಯಲ್ಲಿ ರಸೀದಿ ಇರುವುದು ಅನುಕೂಲ, ಖಾಸಗಿ ಬಸ್ಸಿನಲ್ಲಿ ಹೊತ್ತಿಗೊಂದು ಬಸ್ಸು ಸಿಗುವುದು ಅನುಕೂಲ. ಎರಡರಲ್ಲೂ ನಿಯಮ ಒಂದೇ: ಬಸ್ಸು ಹೊರಟ ಕೂಡಲೇ ನಿಮಗೆ ಫೋನ್ ಬರಬೇಕು, ಬಸ್ಸು ಬರುವ ಮೊದಲೇ ನಿಮ್ಮವರು ನಿಲ್ದಾಣದಲ್ಲಿ ಇರಬೇಕು. ಕಳುಹಿಸುವುದು ಬೆಳಗಿನ ಬಸ್ಸಿಗಾದರೆ ಒಳ್ಳೆಯದು. ಶನಿವಾರ ಸಂಜೆಯ ಬಸ್ಸಿಗೆ ಹಾಕಿದ ಪೆಟ್ಟಿಗೆ ಸೋಮವಾರದವರೆಗೆ ಪಾರ್ಸೆಲ್ ಕೋಣೆಯಲ್ಲಿ ಕೂತರೆ ಯಾವ ಲೆಕ್ಕವೂ ಅದನ್ನು ಉಳಿಸಲಾರದು.

ಪೆಟ್ಟಿಗೆ ಕೈಗೆ ಬಂದಾಗ ನೇರವಾಗಿ ಫ್ರಿಜ್ಜಿಗೆ ಸುರಿಯಬೇಡಿ. ತೆರೆದ ಗಳಿಗೆ ಬರೆದುಕೊಳ್ಳಿ. ಪ್ಯಾಕುಗಳು ಪೂರ್ತಿ ಕರಗಿವೆಯೇ, ಅರ್ಧ ಕರಗಿವೆಯೇ, ಕಲ್ಲಿನಂತೆ ಇವೆಯೇ ಎಂದು ನೋಡಿ. ಅರ್ಧ ಕರಗಿದ್ದರೆ ಸಂತೋಷ. ಎರಡು ಗಂಟೆಯ ದಾರಿಯ ಕೊನೆಗೂ ಕಲ್ಲಿನಂತೆ ಇದ್ದರೆ ಅದೇ ಅನುಮಾನದ ಸಂಗತಿ, ಹದ ಮಾಡದೆ ಹಾಕಿದ್ದಾರೆ ಎಂದು ತಿಳಿದು ಪ್ಯಾಕಿಗೆ ಹತ್ತಿರವಿದ್ದ ಸೀಸೆಗಳನ್ನು ಬೇರೆ ಮಾಡಿ. ಸರ್ಕಾರಿ ಲಸಿಕೆಗಳ ಸೀಸೆಯ ಮೇಲೆ ಬಣ್ಣ ಬದಲಾಗುವ ಚೌಕವಿರುವ ಒಂದು ಗುರುತು ಇರುತ್ತದೆ, ಒಳಗಿನ ಚೌಕದ ಬಣ್ಣ ಸುತ್ತಲಿನ ವೃತ್ತದಷ್ಟು ಗಾಢವಾದರೆ ಬಳಸಬಾರದು. ಆ ಗುರುತು ಶಾಖವನ್ನು ಮಾತ್ರ ಹೇಳುತ್ತದೆ, ಹೆಪ್ಪುಗಟ್ಟಿದ್ದರ ಬಗ್ಗೆ ಅದಕ್ಕೆ ಏನೂ ಗೊತ್ತಿರುವುದಿಲ್ಲ. ಹೆಪ್ಪುಗಟ್ಟಿದ್ದನ್ನು ಹಿಡಿಯಲು ಬೇರೆಯೇ ಸೂಚಕಗಳಿವೆ. ಸೊನ್ನೆಗಿಂತ ತುಸು ಕೆಳಗೆ ಒಂದು ಗಂಟೆ ಇದ್ದರೆ ಅದರ ಪರದೆಯ ಮೇಲೆ ಸರಿ ಗುರುತು ಹೋಗಿ ತಪ್ಪು ಗುರುತು ಮೂಡುತ್ತದೆ. ಪ್ರತಿ ಪೆಟ್ಟಿಗೆಗೂ ಒಂದು ಹಾಕಿ ಎಂದು ನಾನು ಹೇಳುವುದಿಲ್ಲ. ಅದಕ್ಕಿಂತ, ಕೆಲವು ನಿಮಿಷಕ್ಕೊಮ್ಮೆ ಉಷ್ಣತೆಯನ್ನು ಬರೆದಿಟ್ಟುಕೊಳ್ಳುವ ಒಂದು ಚಿಕ್ಕ ಲಾಗರನ್ನು ಕೊಂಡು, ಮಳೆಗಾಲದಲ್ಲಿ ಮತ್ತು ಬೇಸಿಗೆಯಲ್ಲಿ ಕೆಲವು ಸಲ ಪೆಟ್ಟಿಗೆಯ ಜೊತೆ ಓಡಾಡಿಸಿ. ಒಮ್ಮೆ ನಡುವೆ ಇಡಿ, ಇನ್ನೊಮ್ಮೆ ಪ್ಯಾಕಿನ ಪಕ್ಕದ ಸೀಸೆಗೆ ಕಟ್ಟಿ ಇಡಿ. ಎರಡೂ ಸಲ ಬಂದ ಅಂಕಿಗಳನ್ನು ಸಗಟು ವ್ಯಾಪಾರಿಯ ಮುಂದೆ ಇಟ್ಟರೆ ವಾದಕ್ಕೆ ಎಡೆಯಿರುವುದಿಲ್ಲ.

ಟಿ.ಟಿ.ಯಂಥ ಅಲ್ಯೂಮಿನಿಯಂ ಇರುವ ಲಸಿಕೆಗಳಿಗೆ ಅಲ್ಲಾಡಿಸಿ ನೋಡುವ ಒಂದು ಪರೀಕ್ಷೆ ಇದೆ. ಅದೇ ಬ್ಯಾಚಿನ ಒಂದು ಸೀಸೆಯನ್ನು ಬೇಕೆಂದೇ ಪೂರ್ತಿ ಹೆಪ್ಪುಗಟ್ಟಿಸಿ ಕರಗಿಸಿ, ಅನುಮಾನದ ಸೀಸೆಯೊಂದಿಗೆ ಸೇರಿಸಿ ಅಲ್ಲಾಡಿಸಿ, ಪಕ್ಕಪಕ್ಕದಲ್ಲಿ ನಿಲ್ಲಿಸಿ ಅರ್ಧ ಗಂಟೆಯವರೆಗೆ ಗಮನಿಸಬೇಕು. ಹೆಪ್ಪುಗಟ್ಟಿದ್ದರಲ್ಲಿ ಗಷ್ಟು ಬೇಗ ತಳ ಸೇರುತ್ತದೆ. ಅನುಮಾನದ ಸೀಸೆಯೂ ಅಷ್ಟೇ ಬೇಗ ತಿಳಿಯಾದರೆ ಅದನ್ನು ಬಿಸಾಡಬೇಕು. ಈ ಪರೀಕ್ಷೆ ಇನ್ಸುಲಿನ್ನಿಗೆ ನಡೆಯುವುದಿಲ್ಲ, ಒಣಪುಡಿಯ ಲಸಿಕೆಗಳಿಗೂ ನಡೆಯುವುದಿಲ್ಲ. ಬಿಸಿಯಾಗಿ ಬಂದ ಸಾಮಾನಿನ ವಿಷಯದಲ್ಲಿ ಮಾತ್ರ ತಕ್ಷಣ ಬಿಸಾಡುವ ಅವಸರ ಬೇಡ. ಅದನ್ನು ಫ್ರಿಜ್ಜಿನಲ್ಲೇ ಬೇರೆಯಾಗಿಟ್ಟು, ಎಷ್ಟು ಡಿಗ್ರಿಯಲ್ಲಿ ಎಷ್ಟು ಹೊತ್ತು ಇತ್ತು ಎಂಬುದನ್ನು ಬರೆದು ತಯಾರಕ ಕಂಪನಿಗೆ ಕೇಳಿದರೆ ಬಳಸಬಹುದೋ ಬಾರದೋ ಎಂದು ಅವರು ಉತ್ತರಿಸಬಲ್ಲರು, ಏಕೆಂದರೆ ಆ ಪರೀಕ್ಷೆಗಳ ಅಂಕಿಗಳು ಅವರ ಬಳಿ ಇರುತ್ತವೆ.

ನಿಮ್ಮ ಅಂಗಡಿಯ ಫ್ರಿಜ್ ಕೂಡ ಈ ದಾರಿಯ ಒಂದು ಭಾಗವೇ. ಮನೆ ಬಳಕೆಯ ಫ್ರಿಜ್ಜಾದರೆ ಫ್ರೀಜರಿನ ಕೆಳಗಿನ ಮೊದಲ ಅರೆಯಲ್ಲಿ, ತಣ್ಣನೆ ಗಾಳಿ ಬೀಸುವ ಕಿಂಡಿಯ ಎದುರಿನಲ್ಲಿ ಇನ್ಸುಲಿನ್ ಇಡಬಾರದು, ಅಲ್ಲಿಯೂ ಹೆಪ್ಪುಗಟ್ಟುತ್ತದೆ. ಬಾಗಿಲಿನ ಅರೆ ಪ್ರತಿ ಸಲ ತೆರೆದಾಗಲೂ ಬಿಸಿಯಾಗುತ್ತದೆ. ನಡುವಿನ ಅರೆಗಳು ಔಷಧಕ್ಕೆ, ತಳದಲ್ಲಿ ತರಕಾರಿ ಇಡುವ ಜಾಗಕ್ಕೆ ನೀರಿನ ಬಾಟಲಿಗಳು. ಮಳೆಗಾಲದಲ್ಲಿ ಕರೆಂಟ್ ಹೋಗಿ ಮರುದಿನ ಬರುವ ನಮ್ಮ ಊರುಗಳಲ್ಲಿ ಆ ಬಾಟಲಿಗಳೇ ಕೆಲವು ಗಂಟೆ ಕಾಯುತ್ತವೆ. ಅದಕ್ಕೂ ಹೆಚ್ಚಾದರೆ, ನಿಮಗೆ ಬಂದ ಥರ್ಮೋಕೋಲ್ ಪೆಟ್ಟಿಗೆಯನ್ನು ಎಸೆಯದೆ ಇಟ್ಟುಕೊಂಡಿದ್ದರೆ ಅದೇ ಉಪಯೋಗಕ್ಕೆ ಬರುತ್ತದೆ.

ಇನ್ನು ವಾಹನದ ಮಾತು. ನಿಮ್ಮ ವ್ಯಾಪಾರದ ಪ್ರಮಾಣಕ್ಕೆ ಅದು ಬೇಡ ಎಂದೇ ನನ್ನ ಸಲಹೆ. ಶೀತಲ ವಾಹನ ಸರಕನ್ನು ತಣ್ಣಗೆ ಮಾಡುವ ಯಂತ್ರವಲ್ಲ, ತಣ್ಣಗಿರುವ ಸರಕನ್ನು ಹಾಗೆಯೇ ಕಾಯುವ ಯಂತ್ರ. ಸರಕು ಏರಿಸುವ ಮೊದಲೇ ಖಾಲಿ ಪೆಟ್ಟಿಗೆಯನ್ನು ತಣಿಸಬೇಕು, ಗೋಡೆಗೂ ಚಾವಣಿಗೂ ತಾಗದಂತೆ 8-10 ಸೆಂ.ಮೀ. ಬಿಟ್ಟು ಜೋಡಿಸಬೇಕು, ಇಲ್ಲವಾದರೆ ಗಾಳಿ ಸುತ್ತುವುದಿಲ್ಲ. ಚಾಲಕನ ಮುಂದಿನ ಪರದೆ ತೋರಿಸುವುದು ಸಾಮಾನ್ಯವಾಗಿ ಯಂತ್ರಕ್ಕೆ ಹಿಂದಿರುಗುವ ಗಾಳಿಯ ಉಷ್ಣತೆಯನ್ನು, ಡಬ್ಬಿಯೊಳಗಿನ ಔಷಧದ್ದನ್ನಲ್ಲ. ಊರೂರಿಗೆ ನಿಂತು ಬಾಗಿಲು ತೆರೆಯುವ ವ್ಯಾಪಾರದಲ್ಲಿ ಪ್ರತಿ ಸಲವೂ ಬಿಸಿ ತೇವದ ಗಾಳಿ ಒಳನುಗ್ಗುತ್ತದೆ, ಮಲೆನಾಡಿನ ತೇವಕ್ಕೆ ಒಳಗಿನ ಕೊಳವೆಗಳ ಮೇಲೆ ಹಿಮ ಕಟ್ಟುತ್ತದೆ. ಹಾಲು, ಪನೀರ್, ಐಸ್ ಕ್ರೀಮ್ ಸಾಗಿಸುವವರಿಗೆ ಇವೆಲ್ಲ ಹೊರಲೇಬೇಕಾದ ಖರ್ಚುಗಳು. ದಿನಕ್ಕೆ ಒಂದು ಪೆಟ್ಟಿಗೆ ಇನ್ಸುಲಿನ್ ತರಿಸುವವರಿಗೆ ಐದು ಸೆಂ.ಮೀ. ಗೋಡೆಯ ಎರಡು ಒಳ್ಳೆಯ ಪೆಟ್ಟಿಗೆಗಳು ಮತ್ತು ಹದ ಮಾಡಿದ ಪ್ಯಾಕುಗಳು ಅದೇ ಕೆಲಸ ಮಾಡುತ್ತವೆ. ನಿಮ್ಮದೇ ಕಾರಿನಲ್ಲಿ ತರುವುದಿದ್ದರೂ ಪೆಟ್ಟಿಗೆ ಬೇಕೇ ಬೇಕು. ಕಾರಿನ ಎಸಿ 20 ಡಿಗ್ರಿಯ ಆಸುಪಾಸಿನದು, ಐಸಿನ ಬಾಳಿಕೆ ಹೆಚ್ಚುತ್ತದೆ ಅಷ್ಟೇ. ಊಟಕ್ಕೆಂದು ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಒಳಗು 50 ಡಿಗ್ರಿ ದಾಟಬಲ್ಲದು ಎಂಬುದನ್ನೂ ಮರೆಯಬಾರದು.

ಖಾಲಿ ಪೆಟ್ಟಿಗೆ ಶಿವಮೊಗ್ಗಕ್ಕೆ ಹೇಗೂ ಹೋಗುತ್ತದಲ್ಲ ಎಂದು ಪ್ರಯೋಗಾಲಯಕ್ಕೆ ಕಳುಹಿಸುವ ರಕ್ತದ ಮಾದರಿಗಳನ್ನು ಅದರಲ್ಲಿ ಹಾಕುವ ಪದ್ಧತಿ ಕೆಲವೆಡೆ ಉಂಟು. ಅದನ್ನು ಮಾಡಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ಬರುತ್ತಿರುವ ಜಿಲ್ಲೆ ನಮ್ಮದು. ಮಾದರಿಗಳಿಗೆ ಸೋರದ ಮೂರು ಪದರದ ಬೇರೆಯೇ ಪೆಟ್ಟಿಗೆ ಇರಬೇಕು, ಅದು ಔಷಧದ ಹತ್ತಿರ ಸುಳಿಯಬಾರದು.

ಕೊನೆಯದಾಗಿ ನಿಮ್ಮಿಂದ ಮುಂದಕ್ಕೆ ಹೋಗುವ ಸಾಮಾನು. ಕೋಣಂದೂರು, ಆರಗ, ಮೇಗರವಳ್ಳಿ ಕಡೆಯ ರೈತರು ದನದ ಲಸಿಕೆಯನ್ನು ಸ್ಕೂಟರಿನ ಡಿಕ್ಕಿಯಲ್ಲಿ ಹಾಕಿಕೊಂಡು ಹೋಗುತ್ತಾರೆ, ಆ ಡಿಕ್ಕಿಯ ಕೆಳಗೇ ಎಂಜಿನ್ ಇರುತ್ತದೆ. ಅಗಲ ಬಾಯಿಯ ಫ್ಲಾಸ್ಕ್ ತರಲು ಹೇಳಿ, ತಣ್ಣೀರಿನಲ್ಲಿ ತೊಳೆದು, ಕರಗಲು ತೊಡಗಿದ ಐಸನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿ ಬಟ್ಟೆ ಸುತ್ತಿ ತಳಕ್ಕೆ ಹಾಕಿ, ಅದರ ಮೇಲೆ ಕಾಗದ ಸುತ್ತಿದ ಸೀಸೆಯನ್ನು ಇಟ್ಟು ಕೊಡಿ. ಪಶುವೈದ್ಯರು ಬರುವ ದಿನವೇ ಒಯ್ಯಲಿ, ಹಿಂದಿನ ದಿನ ಒಯ್ದು ಮನೆಯ ಫ್ರೀಜರಿನಲ್ಲಿ ಇಡುವುದು ಬೇಡ. ಇನ್ಸುಲಿನ್ ಕೊಳ್ಳುವ ರೋಗಿಗೆ ಅರ್ಧ ಗಂಟೆಯ ದಾರಿಗೆ ಐಸ್ ಕೊಡಲೇಬೇಡಿ, ಬಟ್ಟೆಯ ಚೀಲದಲ್ಲಿ ಬಿಸಿಲು ತಾಗದಂತೆ ಒಯ್ದು ಮನೆಯ ಫ್ರಿಜ್ಜಿನ ನಡುವಿನ ಅರೆಯಲ್ಲಿಟ್ಟರೆ ಸಾಕು.